ಸರ್ಪದ ಕೈಫಿಯತ್ತು: ಏದೆನ್ ತೋಟದ ಏಕಪಕ್ಷೀಯ ತೀರ್ಪನ್ನು ಕುರಿತು ಒಂದು ಜಿಜ್ಞಾಸೆ

ಏದೆನ್ ತೋಟದ ಪ್ರಕರಣದಲ್ಲಿ ವಿದ್ವಾಂಸರು ಇಲ್ಲಿಯವರೆಗೆ ತಲೆ ಕೆಡಿಸಿಕೊಂಡದ್ದೆಲ್ಲ ಗೌಣ ಸಂಗತಿಗಳಿಗೇ ಎಂದು ವಿನಯದಿಂದ ಅರಿಕೆ ಮಾಡಿಕೊಳ್ಳಬೇಕಾಗಿದೆ. ತಾಯಿಯ ಹೊಟ್ಟೆಯಿಂದ ಬಾರದ ಆದಾಮನಿಗೆ ಹೊಕ್ಕುಳು ಬರೆಯುವುದು ತಪ್ಪೆಂದು 1646ರಲ್ಲಿ ಥಾಮಸ್ ಬ್ರೌನ್ ಚಿತ್ರಕಾರರನ್ನು ತರಾಟೆಗೆ ತೆಗೆದುಕೊಂಡ. 1857ರಲ್ಲಿ ಫಿಲಿಪ್ ಗಾಸ್ ಹೊಕ್ಕುಳು ಇದ್ದೇ ತೀರಬೇಕೆಂದು ಹಟ ಹಿಡಿದು, ಅದೇ ತರ್ಕದಿಂದ ಭೂಗರ್ಭಶಾಸ್ತ್ರವನ್ನೂ ಸಮಾಧಾನಪಡಿಸಲು ಹೊರಟ. ಹಣ್ಣಿನ ವಿಷಯಕ್ಕೆ ಬಂದರೆ, ಯೆಹೂದ್ಯರ ತಲ್ಮುದು ಗ್ರಂಥದ ಪಂಡಿತರಲ್ಲಿ ಒಬ್ಬರು ದ್ರಾಕ್ಷಿ ಅಂದರು, ಒಬ್ಬರು ಅಂಜೂರ ಅಂದರು, ಮತ್ತೊಬ್ಬರು ಗೋಧಿ ಅಂದರು. (ಗೋಧಿ ಮರದಲ್ಲಿ ಹೇಗೆ ಬಿಟ್ಟಿತೆಂಬುದನ್ನು ಕೃಷಿ ವಿಶ್ವವಿದ್ಯಾಲಯಗಳ ವಿಚಾರಕ್ಕೆ ಬಿಡಬಹುದು.) ಸೇಬಿನ ಹೆಸರಂತೂ ಮೂಲದಲ್ಲಿ ಇಲ್ಲವೇ ಇಲ್ಲ. ಇಷ್ಟೆಲ್ಲ ಗದ್ದಲದ ನಡುವೆ ಮೂರನೆಯ ಆರೋಪಿಯ ಹೇಳಿಕೆಯನ್ನೇ ಯಾರೂ ಪಡೆದಿಲ್ಲ ಎಂಬುದು ಕಣ್ಣಿಗೆ ಬೀಳದೆ ಹೋಯಿತು. ಸರ್ಪಕ್ಕೆ ವಿಧಿಸಿದ ಶಿಕ್ಷೆ ವಿಚಾರಣೆಯಿಲ್ಲದ ಶಿಕ್ಷೆ, ಆದ್ದರಿಂದ ಅಸಿಂಧು ಎಂಬುದು ಈ ಪ್ರಬಂಧದ ಸಿದ್ಧಾಂತ.

ದಾಖಲೆ ಸ್ಪಷ್ಟವಾಗಿದೆ. ಬೈಬಲ್ಲಿನ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ದೇವರು ಆದಾಮನನ್ನು ಎಲ್ಲಿದ್ದೀಯೆಂದು ಕೇಳುತ್ತಾನೆ, ತಿಂದೆಯಾ ಎಂದು ಕೇಳುತ್ತಾನೆ. ಆದಾಮ ಹವ್ವಳ ಕಡೆ ಬೊಟ್ಟು ಮಾಡುತ್ತಾನೆ. ಹವ್ವಳನ್ನೂ ಕೇಳುತ್ತಾನೆ, ಆಕೆ ಸರ್ಪದ ಕಡೆ ಬೊಟ್ಟು ಮಾಡುತ್ತಾಳೆ. ಸರ್ಪದ ಸರದಿ ಬಂದಾಗ ಪ್ರಶ್ನೆಯೇ ಇಲ್ಲ, ನೇರ ತೀರ್ಪು. ಸಹ ಆರೋಪಿಯ ಮಾತು ಎಷ್ಟು ದುರ್ಬಲ ಸಾಕ್ಷ್ಯವೆಂಬುದು ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಕೂತವರಿಗೂ ಗೊತ್ತು. ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ರಿಚರ್ಡ್ ಬೆಂಟ್ಲಿಯ ಪದವಿಗಳನ್ನು ಅವನ ಮಾತು ಕೇಳದೆಯೇ ಕಿತ್ತುಕೊಂಡಾಗ, 1723ರಲ್ಲಿ ನ್ಯಾಯಮೂರ್ತಿ ಫೋರ್ಟೆಸ್ಕ್ಯೂ ಇದೇ ಅಧ್ಯಾಯವನ್ನು ಆಧಾರವಾಗಿ ಹಿಡಿದ. ದೇವರೂ ಕೂಡ ಆದಾಮನ ಮಾತು ಕೇಳಿದ ಮೇಲೆಯೇ ತೀರ್ಪು ಕೊಟ್ಟ, ಹವ್ವಳಿಗೂ ಅದೇ ಅವಕಾಶವಿತ್ತು ಎಂಬುದು ಅವನ ವಾದ. ಬೆಂಟ್ಲಿಗೆ ಪದವಿಗಳು ಮರಳಿ ದಕ್ಕಿದವು. ಸಹಜ ನ್ಯಾಯದ ಪಾಠದಲ್ಲಿ ನಮ್ಮ ಕಾನೂನು ವಿದ್ಯಾರ್ಥಿಗಳು ಈ ಪ್ರಕರಣವನ್ನು ಇಂದಿಗೂ ಓದುತ್ತಾರೆ. ಆದರೆ ನ್ಯಾಯಮೂರ್ತಿಗಳು ಇನ್ನೆರಡು ಸಾಲು ಮುಂದೆ ಓದಿದ್ದರೆ ಬೆಂಟ್ಲಿಯ ಗತಿ ಏನಾಗುತ್ತಿತ್ತೋ!

ಇದಕ್ಕೆ ಮೊದಲ ಆಕ್ಷೇಪ, ಸರ್ಪ ಬರಿಯ ಸರ್ಪವಲ್ಲ, ಸಾಕ್ಷಾತ್ ಸೈತಾನ ಎಂಬುದು. ಆದಿಕಾಂಡ ಅದನ್ನು ಕಾಡುಮೃಗಗಳಲ್ಲೆಲ್ಲ ಜಾಣ ಎಂದಷ್ಟೇ ಹೇಳುತ್ತದೆ. ಜಾಣತನ ಯಾವ ಕಾಯಿದೆಯಲ್ಲೂ ಅಪರಾಧವಲ್ಲ. ಸೈತಾನನ ಗುರುತು ಸಿಗುವುದು ಗ್ರಂಥದ ಕಟ್ಟಕಡೆಯ ಪುಸ್ತಕವಾದ ಪ್ರಕಟನೆಯಲ್ಲಿ. ಶಿಕ್ಷೆ ಮೊದಲು, ಗುರುತಿನ ಪರೇಡು ಆಮೇಲೆ! ಎರಡನೆಯ ಆಕ್ಷೇಪ, ಅದು ಸುಳ್ಳು ಹೇಳಿತೆಂಬುದು. ಕಣ್ಣು ತೆರೆಯುತ್ತದೆ ಎಂದಿತು, ತೆರೆಯಿತು. ಸಾಯುವುದಿಲ್ಲ ಎಂದಿತು, ಆದಾಮ 930 ವರ್ಷ ಬದುಕಿದ. ದೇವರ ಒಂದು ದಿನವೆಂದರೆ ಸಾವಿರ ವರ್ಷ, ಆದ್ದರಿಂದ ಆದಾಮ ಆ ದಿನವೇ ಸತ್ತಂತಾಯಿತೆಂದು ಹಳೆಯ ವ್ಯಾಖ್ಯಾನಕಾರರು ಜಮಾಖರ್ಚು ಸರಿಮಾಡಿದ್ದಾರೆ. ಬ್ರಹ್ಮನ ಹಗಲಿಗೆ 432 ಕೋಟಿ ವರ್ಷವೆಂದು ಎಣಿಸಿದವರ ನಾಡಿನಲ್ಲಿ ಈ ಲೆಕ್ಕವನ್ನು ಅಲ್ಲಗಳೆಯುವುದು ಕಷ್ಟ. ಆದರೂ ಎಪ್ಪತ್ತು ವರ್ಷ ಬಾಕಿ ಉಳಿಯುವುದನ್ನು ಗಮನಿಸಬೇಕು. ಮೂರನೆಯದೇ ಗಟ್ಟಿಯಾದ ಆಕ್ಷೇಪ. ಸರ್ಪ ತನ್ನ ಪರವಾಗಿ ತಾನೇ ವಾದಿಸಲಿಲ್ಲ, ಹಾಗಾಗಿ ಬೇರೆಯವರೂ ಅದರ ಪರ ವಾದಿಸಬೇಕಾಗಿರಲಿಲ್ಲ ಎನ್ನುತ್ತದೆ ತಲ್ಮುದು. ಜೊತೆಗೆ ಅದರ ಬಳಿ ಒಳ್ಳೆಯ ವಾದವೇ ಇತ್ತೆಂದೂ ಒಪ್ಪಿಕೊಳ್ಳುತ್ತದೆ: ಗುರು ಒಂದು ಹೇಳಿ ಶಿಷ್ಯ ಇನ್ನೊಂದು ಹೇಳಿದರೆ ಕೇಳುಗರು ಗುರುವಿನ ಮಾತನ್ನಲ್ಲವೆ ಪಾಲಿಸಬೇಕಾದದ್ದು? ಉಳಿದಿಬ್ಬರೂ ಬಾಯಿ ಬಿಟ್ಟದ್ದು ಕೇಳಿದ ಮೇಲೆ. ಯಾರೂ ಕೇಳದೆಯೇ ಬಿಟ್ಟವನ ಮೌನ ಏನನ್ನು ಸಾಬೀತು ಮಾಡೀತು?

ಹೊಟ್ಟೆಯ ಮೇಲೆ ಹರಿದಾಡಬೇಕೆಂಬ ಶಿಕ್ಷೆಯ ಜಾರಿಯೂ ಅಸ್ತವ್ಯಸ್ತ. 2006ರಲ್ಲಿ ವಿವರಣೆ ಪ್ರಕಟವಾದ, ಅರ್ಜೆಂಟೀನಾದ ನಜಾಶ್ ಎಂಬ ಹಾವಿನ ಪಳೆಯುಳಿಕೆಗೆ ಹಿಂಗಾಲುಗಳಿವೆ. ಹೆಬ್ಬಾವಿಗೆ ಇಂದಿಗೂ ಅವುಗಳ ಮೊನೆ ಉಳಿದಿದೆ. ಅಂದರೆ ಕಾಲುಗಳ ಜಪ್ತಿ ಕಂತುಗಳಲ್ಲಿ ನಡೆದಿದೆ, ಕೊನೆಯ ಕಂತು ಬಾಕಿಯಿದೆ. ಮಣ್ಣು ತಿನ್ನಬೇಕೆಂಬ ಅಂಶವನ್ನು ಯಾವ ಹಾವೂ ಪಾಲಿಸಿದಂತಿಲ್ಲ. ಇಲಿ ಕಪ್ಪೆಗಳ ಸಾಕ್ಷ್ಯ ಇದಕ್ಕೆ ಸಾಕು. ಹೆಂಗಸಿಗೂ ಹಾವಿಗೂ ಹಗೆತನವೆಂಬ ಕಲಮು ನಾಗರಪಂಚಮಿಯ ದಿನ ಹುತ್ತಕ್ಕೆ ತನಿ ಎರೆಯುವ ಹೆಂಗಸರ ಸರಹದ್ದಿನಲ್ಲಿ ಜಾರಿಗೇ ಬಂದಿಲ್ಲ.

ಇನ್ನು ಉಳಿದಿರುವುದು ತಾಂತ್ರಿಕ ತಕರಾರುಗಳು. ಆರ್ಚ್‌ಬಿಷಪ್ ಅಷರ್ ಸೃಷ್ಟಿಯ ವರ್ಷವನ್ನು ಕ್ರಿ.ಪೂ. 4004 ಎಂದು ಗೊತ್ತುಮಾಡಿದ್ದಾನೆ. ಆ ಪ್ರಕಾರ ಮೇಲ್ಮನವಿ ಸುಮಾರು ಆರು ಸಾವಿರ ವರ್ಷ ತಡ. ಮೇಲ್ಮನವಿಯ ಹಕ್ಕಿದೆಯೆಂದು ಅರ್ಜಿದಾರನಿಗೆ ಯಾರೂ ತಿಳಿಸಿರಲಿಲ್ಲವಾದ್ದರಿಂದ ವಿಳಂಬವನ್ನು ಮನ್ನಿಸತಕ್ಕದ್ದು. ವಕಾಲತ್ತಿಗೆ ಸಹಿಯಿಲ್ಲ, ಹೆಬ್ಬೆಟ್ಟಿನ ಗುರುತೂ ಇಲ್ಲ ಎಂದು ಕಚೇರಿ ಅರ್ಜಿಯನ್ನು ವಾಪಸು ಕಳಿಸುವ ಸಂಭವವೂ ಇದೆ. ಹೆಬ್ಬೆಟ್ಟು ಹೋದದ್ದೇ ಪ್ರಶ್ನಿತ ಆದೇಶದಿಂದ. ಆ ಆದೇಶ ಅಸಿಂಧುವೆಂದು ತೀರ್ಮಾನವಾಗುವವರೆಗೆ ಬಾಲದ ಗುರುತನ್ನೇ ಅಂಗೀಕರಿಸಬೇಕು.