ಮಂಜುಗಡ್ಡೆ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಈಗ ಒಬ್ಬ ಮಂಜುಗಡ್ಡೆ ರಾಯರು ಸಿಗುತ್ತಾರೆ. ಹೋದ ವರ್ಷ ಇವರೇ ಸಿರಿಧಾನ್ಯದ ರಾಯರು, ಅದರ ಹಿಂದಿನ ವರ್ಷ ಸೈಕಲ್ ರಾಯರು. ಆ ಸೈಕಲ್ಲಿನ ಮೇಲೆ ಈಗ ಟವೆಲ್ ಒಣಗುತ್ತದೆ. ವಯಸ್ಸು ನಲವತ್ತೈದರ ಆಸುಪಾಸು, ಕೆಲಸ ಸಾಫ್ಟ್‌ವೇರ್, ಕಾಯಿಲೆ ಸ್ಟ್ರೆಸ್. ಗುರುಗಳು, ಬರೀ ಚಡ್ಡಿ ತೊಟ್ಟು ಕಿಲಿಮಂಜಾರೊ ಹತ್ತಿದ ನೆದರ್ಲೆಂಡ್ಸಿನ ವಿಮ್ ಹಾಫ್.

ಬೆಳಿಗ್ಗೆ ಐದೂವರೆಗೆ ಬಾಲ್ಕನಿಯಲ್ಲಿ ಕಾರ್ಯಕ್ರಮ ಶುರು. ನೀಲಿ ಡ್ರಮ್ಮಿನ ತುಂಬ ನೀರು. ಪಕ್ಕದಲ್ಲಿ, ಹಿಂದಿನ ರಾತ್ರಿ ಮೀನಂಗಡಿಯಿಂದ ಗೋಣಿಚೀಲದಲ್ಲಿ ಸುತ್ತಿ ತಂದ ಮಂಜುಗಡ್ಡೆ. ಬೆಳಗಾಗುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಉಳಿದದ್ದನ್ನು ರಾಯರು ಕುಟ್ಟಾಣಿಯಿಂದ ಒಡೆದು ಡ್ರಮ್ಮಿಗೆ ಸುರಿಯುತ್ತಾರೆ. (ಈರುಳ್ಳಿಯನ್ನೂ ಮುಟ್ಟದ ಮನೆ. ಚೀಲದ ವಾಸನೆ ಯಾವುದೆಂದು ರಾಯರ ತಾಯಿಗೆ ಇನ್ನೂ ಗೊತ್ತಾಗಿಲ್ಲ.) ಥರ್ಮಾಮೀಟರಿನಲ್ಲಿ ಇಣುಕಿ, “ಹದಿನಾಲ್ಕು ಬಂತು ಕಣೇ, ವಿಡಿಯೊ ಆನ್ ಮಾಡು!” ಎನ್ನುತ್ತಾರೆ. “ಬೇಗ ಇಳೀರಿ, ಒಲೆ ಮೇಲೆ ಹಾಲಿದೆ,” ಎನ್ನುತ್ತಾರೆ ಮನೆಯವರು.

ಇಳಿದದ್ದೇ ತಡ, “ಹ್ಹಾ!” ಕೆಳಗಿನ ಮನೆಯ ನಾಯಿ ಬೊಗಳುತ್ತದೆ. ಪಾಪ, ಅದು ರಾಯರ ತಪ್ಪಲ್ಲ. ಕೊರೆಯುವ ನೀರು ಮೈಗೆ ತಾಗಿದೊಡನೆ ಯಾರಿಗಾದರೂ ಉಸಿರು ತಾನಾಗಿ ಮೇಲಕ್ಕೆಳೆಯುತ್ತದೆ, ಎದೆ ಡವಗುಟ್ಟುತ್ತದೆ, ಬಿಪಿ ಏರುತ್ತದೆ. ಸ್ಟ್ರೆಸ್ ಕಳೆಯಲು ಹೋದವರಿಗೆ ಮೊದಲು ಸಿಗುವುದು ಸ್ಟ್ರೆಸ್ಸೇ.

ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರಂತೂ ಮುಗಿಯಿತು. “ಸಾರ್, ಡೋಪಮಿನ್ ಶೇ. 250 ಏರುತ್ತೆ!” ಏರಿದ್ದು ನಿಜ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ. ಆದರೆ ಅಲ್ಲಿಯವರು 14 ಡಿಗ್ರಿ ನೀರಿನಲ್ಲಿ ಕುತ್ತಿಗೆಮಟ್ಟ ಒಂದು ಗಂಟೆ ಕೂತಿದ್ದರು. ನಮ್ಮ ರಾಯರು ಎರಡನೇ ನಿಮಿಷಕ್ಕೇ “ಟವೆಲ್, ಟವೆಲ್!”

ಇನ್ನೊಂದು ಸಂಗತಿಯನ್ನು ಅವರು ಹೇಳುವುದಿಲ್ಲ. ತಣ್ಣೀರಿನಲ್ಲಿ ಮುಳುಗುವ ಕುರಿತ 11 ಅಧ್ಯಯನಗಳ 3,177 ಜನರ ಲೆಕ್ಕವನ್ನು ಒಟ್ಟುಮಾಡಿ ಆಸ್ಟ್ರೇಲಿಯಾದ ಸಂಶೋಧಕರು 2025ರ ಜನವರಿಯಲ್ಲಿ ವರದಿ ಕೊಟ್ಟರು. ಸ್ಟ್ರೆಸ್ ಇಳಿದದ್ದು ಕಂಡಿತು. ಆದರೆ ನೀರಿನಿಂದ ಎದ್ದ ಕೂಡಲೇ ಅಲ್ಲ, ಒಂದು ಗಂಟೆಯ ನಂತರವೂ ಅಲ್ಲ, 12 ಗಂಟೆ ಕಳೆದ ಮೇಲೆ. 24 ಗಂಟೆಗೆ ನೋಡಿದರೆ ಅದೂ ಇಲ್ಲ. ಅಂದರೆ ಬೆಳಿಗ್ಗೆ ಐದೂವರೆಗೆ ಮುಳುಗಿದ ರಾಯರಿಗೆ ನೆಮ್ಮದಿ ಬರಬೇಕಾದದ್ದು ಸಂಜೆ ಐದೂವರೆಗೆ. ಆ ಹೊತ್ತಿಗೆ ಅವರ ಕಾರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ, ಮುಂದೊಂದು ನೀರಿನ ಟ್ಯಾಂಕರ್, ಹಿಂದೊಂದು ಬಿಎಂಟಿಸಿ ಬಸ್ಸು. ಬಂದ ನೆಮ್ಮದಿಯೆಲ್ಲ ಹಾರನ್ನಿಗೇ ಖರ್ಚು.

ಈ ಲೆಕ್ಕ ಕೇಳಿದ ಅವರ ಮನೆಯವರು ದಾರಿಯನ್ನೂ ತೋರಿಸಿದರು: “ಹಾಗಾದ್ರೆ ರಾತ್ರಿ ಒಂಬತ್ತಕ್ಕೆ ಮುಳುಗಿ ರೀ. ಬೆಳಿಗ್ಗೆ ನಿಮ್ಮ ಬಾಸ್ ಫೋನ್ ಮಾಡೋ ಹೊತ್ತಿಗೆ ಸರಿಹೋಗುತ್ತೆ.” ರಾಯರು ಒಪ್ಪಲಿಲ್ಲ. ಕತ್ತಲಲ್ಲಿ ವಿಡಿಯೊ ಚೆನ್ನಾಗಿ ಬರುವುದಿಲ್ಲವಂತೆ.

ಬಿಪಿ ಇದ್ದವರು, ಹೃದಯದ ತೊಂದರೆ ಇದ್ದವರು ಲಿಫ್ಟಿನ ಉಪದೇಶ ಕೇಳಿ ಡ್ರಮ್ಮಿಗಿಳಿಯಬೇಡಿ, ಮೊದಲು ಡಾಕ್ಟರನ್ನು ಕೇಳಿ. ಮಿಕ್ಕವರು ಧಾರಾಳವಾಗಿ ಇಳಿಯಿರಿ, ಆದರೆ ಒಬ್ಬರೇ ಇಳಿಯಬೇಡಿ. ಹೊರಗೊಬ್ಬರು ಟವೆಲ್ ಹಿಡಿದು ನಿಂತಿರಲಿ.