ಯೊಸೆಮಿಟಿಯ ಕರಡಿ ಕುಲಕ್ಕೆ ಶಿಬಿರವಾಸಿಗಳ ಬಿನ್ನವತ್ತಳೆ

ಇವರಿಗೆ,
ಕಪ್ಪು ಕರಡಿ ಕುಲದ ಸಮಸ್ತ ಸದಸ್ಯರು,
ಯೊಸೆಮಿಟಿ ರಾಷ್ಟ್ರೀಯ ಉದ್ಯಾನ, ಸಿಯೆರಾ ನೆವಾಡ ಪರ್ವತಶ್ರೇಣಿ, ಕ್ಯಾಲಿಫೋರ್ನಿಯಾ.

ವಿಷಯ: ಕ್ಯಾಂಪ್‌ಗ್ರೌಂಡುಗಳಲ್ಲಿ ರಾತ್ರಿ ವೇಳೆ ಕುಲದವರಿಂದ ನಿರೀಕ್ಷಿಸಲಾಗುವ ನಡವಳಿಕೆಯನ್ನು ಕುರಿತು.

ಮಾನ್ಯರೇ,

ಮರ್ಸೆಡ್ ನದಿಯ ಬದಿಯಲ್ಲಿರುವ ಅಪ್ಪರ್ ಪೈನ್ಸ್, ಲೋಯರ್ ಪೈನ್ಸ್, ನಾರ್ತ್ ಪೈನ್ಸ್ ಎಂಬ ಕ್ಯಾಂಪ್‌ಗ್ರೌಂಡುಗಳು, ಎಂದರೆ ಡೇರೆ ಹಾಕಿ ತಂಗಲೆಂದು ಸರ್ಕಾರವೇ ಅಳೆದು, ಗುರುತು ಹಾಕಿ, ಸಂಖ್ಯೆ ಕೊಟ್ಟಿರುವ ನಿವೇಶನಗಳ ಬಡಾವಣೆಗಳು, ಕರಡಿ ಕುಲದ ಹಿರಿಯರಿಗೂ ಮರಿಗಳಿಗೂ ಚಿರಪರಿಚಿತವಾಗಿದ್ದರೂ, ಅಲ್ಲಿ ತಂಗುವ ಮನುಷ್ಯರ ವಿಷಯದಲ್ಲಿ ಕುಲಕ್ಕಿರುವ ಆಸಕ್ತಿ ಇನ್ನೂ ಊಟದ ಮಟ್ಟವನ್ನು ದಾಟಿಲ್ಲವೆಂಬ ಕೊರಗಿನಿಂದ ಈ ಬಿನ್ನವತ್ತಳೆಯನ್ನು ಸಿದ್ಧಪಡಿಸಲಾಗಿದೆ. ಪ್ರತಿ ನಿವೇಶನದಲ್ಲೂ ಕಾರು ನಿಲ್ಲಿಸಲು ಒಂದಿಷ್ಟು ಜಾಗ, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ ಮತ್ತು ಒಂದು ಉಕ್ಕಿನ ಪೆಟ್ಟಿಗೆ ಇರುತ್ತವೆ. ಆರು ಜನಕ್ಕಿಂತ ಹೆಚ್ಚು ಮಂದಿ ತಂಗುವಂತಿಲ್ಲ. ಪಕ್ಕದ ಡೇರೆಯ ಗೊರಕೆ ಕೇಳಿಸದು ಎಂಬ ಭರವಸೆಯನ್ನು ಯಾವ ನಿಯಮಾವಳಿಯೂ ಕೊಟ್ಟಿಲ್ಲ. ನಗರದ ಗದ್ದಲದಿಂದ ಪಾರಾಗಲು ಬಂದವರು ಇಲ್ಲಿ ತಮ್ಮ ಬೀದಿಯನ್ನೇ ಮತ್ತೆ ಕಟ್ಟಿಕೊಂಡು, ಗೋಡೆಗಳನ್ನು ಮಾತ್ರ ಬಟ್ಟೆಯದಾಗಿ ಮಾಡಿಕೊಳ್ಳುತ್ತಾರೆ ಎಂದು ಕೊಂಕು ನುಡಿಯುವವರಿದ್ದಾರೆ. ಅಂಥವರಿಗೆ ಪ್ರಾಯಶಃ ನಿವೇಶನ ಸಿಕ್ಕಿರಲಾರದು.

ಏಕೆಂದರೆ ಈ ಬಟ್ಟೆಯ ಗೋಡೆಯೊಳಗೆ ಒಂದು ರಾತ್ರಿ ಕಳೆಯುವ ಹಕ್ಕು ಸುಲಭವಾಗಿ ದಕ್ಕುವಂಥದ್ದಲ್ಲ. ಯೊಸೆಮಿಟಿ ಕಣಿವೆಯ ಬಹುಪಾಲು ನಿವೇಶನಗಳಿಗೆ ಸುಮಾರು ಐದು ತಿಂಗಳು ಮೊದಲೇ, ತಿಂಗಳ 15ನೇ ತಾರೀಖು ಪೆಸಿಫಿಕ್ ಕಾಲಮಾನದ ಬೆಳಿಗ್ಗೆ 7 ಗಂಟೆಗೆ ಬುಕಿಂಗ್ ತೆರೆಯುವುದು ರೂಢಿಯಾಗಿದ್ದು, ಬೇಸಿಗೆಯ ವಾರಾಂತ್ಯಗಳು ಕೆಲವೇ ನಿಮಿಷಗಳಲ್ಲಿ ಖಾಲಿಯಾಗುವುದರಿಂದ, ದೀಪಾವಳಿಯ ಹಿಂದಿನ ದಿನ ಹುಬ್ಬಳ್ಳಿ ರೈಲಿಗೆ ತತ್ಕಾಲ್ ಟಿಕೆಟ್ ಹಿಡಿದು ಪಳಗಿದ ಬೆರಳುಗಳೂ ಇಲ್ಲಿ ಸೋತು ಸುಣ್ಣವಾಗುತ್ತವೆ. ನಿವೇಶನಗಳ ಅಭಾವಕ್ಕೆ ಪ್ರಕೃತಿಯ ಕೊಡುಗೆಯೂ ಇಲ್ಲದಿಲ್ಲ: 1997ರ ಜನವರಿಯಲ್ಲಿ ಮರ್ಸೆಡ್ ನದಿ ಉಕ್ಕಿ ಹರಿದು ಅಪ್ಪರ್ ರಿವರ್, ಲೋಯರ್ ರಿವರ್ ಎಂಬ ಎರಡು ಕ್ಯಾಂಪ್‌ಗ್ರೌಂಡುಗಳನ್ನು ನುಂಗಿದ ಮೇಲೆ ಅವು ಮುಚ್ಚಿಹೋದವು. ನದಿಯ ಆ ನಡವಳಿಕೆಯನ್ನು ಆಕ್ಷೇಪಿಸಿ ಯಾರೂ ಪತ್ರ ಬರೆಯಲಿಲ್ಲವಾದರೂ, ಬುಕಿಂಗ್ ಮಾಡದೆ, ಶುಲ್ಕ ಕಟ್ಟದೆ, ಗೇಟಿನಲ್ಲಿ ಗುರುತಿನ ಚೀಟಿ ತೋರಿಸದೆ ಯಾವ ನಿವೇಶನಕ್ಕೆ ಬೇಕಾದರೂ ಬಂದುಹೋಗುವ ಕರಡಿ ಮಹನೀಯರ ವಿಷಯದಲ್ಲಿ ಅಷ್ಟು ಔದಾರ್ಯ ಸಾಧ್ಯವಾಗದು.

ಕುಲದ ಮೇಲಿರುವ ಆರೋಪಪಟ್ಟಿ ಸಣ್ಣದಲ್ಲ. 1998ರ ಒಂದೇ ವರ್ಷದಲ್ಲಿ ಯೊಸೆಮಿಟಿಯಲ್ಲಿ ಸುಮಾರು 1,600 ‘ಕರಡಿ ಪ್ರಕರಣ’ಗಳು, ಎಂದರೆ ಕರಡಿಯೊಂದು ಮನುಷ್ಯರ ಆಹಾರವನ್ನು ಕಸಿದ ಅಥವಾ ಆಸ್ತಿಗೆ ಹಾನಿ ಮಾಡಿದಂಥ ಘಟನೆಗಳು, ದಾಖಲಾಗಿ, ನಷ್ಟದ ಮೊತ್ತ ಆರೂವರೆ ಲಕ್ಷ ಡಾಲರನ್ನು ದಾಟಿತು. ಕಾರಿನ ಬಾಗಿಲಿನ ಮೇಲಂಚಿನ ಸಂದಿಗೆ ಉಗುರು ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಜಗ್ಗಿ, ಚೌಕಟ್ಟನ್ನು ಹೊರಕ್ಕೆ ಮಡಚಿ, ಗಾಜು ಪುಡಿಯಾದ ಮೇಲೆ ಒಳನುಗ್ಗಿ, ಡಿಕ್ಕಿಯಲ್ಲಿ ಏನಾದರೂ ಇದ್ದರೆ ಹಿಂದಿನ ಸೀಟನ್ನೇ ಕಿತ್ತು ದಾರಿ ಮಾಡಿಕೊಳ್ಳುವ ಈ ವಿದ್ಯೆಯನ್ನು ತಾಯಂದಿರಿಂದ ಮರಿಗಳು ಕಲಿತದ್ದುಂಟು. ವಿದ್ಯೆಯ ಜೊತೆಗೆ ವಿವೇಚನೆಯೂ ಇತ್ತೆಂಬುದಕ್ಕೆ, 2001ರಿಂದ 2007ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2009ರಲ್ಲಿ ಸಸ್ತನಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವೇ ಸಾಕ್ಷಿ: ನಿಲುಗಡೆಯಲ್ಲಿದ್ದ ವಾಹನಗಳ ಪೈಕಿ ಮಿನಿವ್ಯಾನುಗಳನ್ನು ಕರಡಿಗಳು ಅವುಗಳ ಪ್ರಮಾಣಕ್ಕೆ ಮೀರಿ ಒಡೆದಿದ್ದವು. ಮಿನಿವ್ಯಾನುಗಳಲ್ಲಿ ಪ್ರಯಾಣಿಸುವುದು ಮಕ್ಕಳಿರುವ ಸಂಸಾರಗಳಾದ್ದರಿಂದ ಸೀಟಿನ ಸಂದಿಗಳಲ್ಲಿ ತಿಂಡಿಯ ಚೂರು ಉಳಿದಿರುತ್ತದೆ, ಅಥವಾ ಆ ವಾಹನಗಳ ಕಿಟಕಿಗಳು ಕೀಳಲು ಸುಲಭ ಎಂಬಂಥ ಸಂಭಾವ್ಯ ಕಾರಣಗಳನ್ನು ಸಂಶೋಧಕರು ಮುಂದಿಟ್ಟಿದ್ದಾರೆ. ಕಾರು ಮಾರುವ ಮಳಿಗೆಗಳು ವರ್ಷಗಟ್ಟಲೆ ಗ್ರಾಹಕ ಸಮೀಕ್ಷೆ ನಡೆಸಿ ಕಂಡುಕೊಳ್ಳುವ ಸಂಗತಿಯನ್ನು ಕುಲದವರು ಮೂಗಿನಿಂದಲೇ ಪತ್ತೆ ಮಾಡಿದ್ದು ಪ್ರಶಂಸನೀಯವಾದರೂ ಅನುಕರಣೀಯವಲ್ಲ.

ಈ ವಿದ್ಯೆಯ ಗುರುಪರಂಪರೆಯನ್ನು ಕೆದಕುವುದು ಶಿಬಿರವಾಸಿಗಳಿಗೆ ಅಷ್ಟು ಹಿತಕರವಲ್ಲದಿದ್ದರೂ, ಪ್ರಾಮಾಣಿಕತೆಯ ದೃಷ್ಟಿಯಿಂದ ಅದನ್ನು ಮುಚ್ಚಿಡುವಂತಿಲ್ಲ. 1920ರ ದಶಕದಿಂದ ಕಣಿವೆಯಲ್ಲಿ ಪ್ರವಾಸಿಗರ ರಂಜನೆಗೆಂದೇ ಕರಡಿಗಳಿಗೆ ಎಂಜಲು ಹಾಕುವ ಕಟ್ಟೆಗಳಿದ್ದವು. ಸಂಜೆಯಾದ ಮೇಲೆ ದೀಪ ಬೆಳಗಿಸಿ, ಹೋಟೆಲುಗಳ ಎಂಜಲನ್ನು ಸುರಿದು, ಸಾಲಾಗಿ ಕುಳಿತ ಜನಕ್ಕೆ ಕರಡಿಗಳ ಪಂಕ್ತಿಭೋಜನವನ್ನು ಅಧಿಕೃತವಾಗಿಯೇ ತೋರಿಸಲಾಗುತ್ತಿತ್ತು. ಈ ಪ್ರದರ್ಶನ 1940ರಲ್ಲಿ ನಿಂತರೂ, ತೆರೆದ ಕಸದ ಗುಂಡಿಗಳಲ್ಲಿ ಕಡೆಯದು ಮುಚ್ಚಿದ್ದು 1971ರಲ್ಲಿ. ಹೀಗೆ ಕರಡಿಗಳ ಹಲವು ತಲೆಮಾರುಗಳಿಗೆ ಕೂಳು ಹಾಕಿ, ಒಂದು ದಿನ ಎಲೆ ಎತ್ತಿದ ಬಳಿಕ, ಉಂಡವರು ಅಡುಗೆಮನೆಯನ್ನು ಹುಡುಕಿಕೊಂಡು ಬಂದದ್ದನ್ನು ‘ಕರಡಿ ಸಮಸ್ಯೆ’ ಎಂದು ಹೆಸರಿಸಲಾಯಿತು. ಮನುಷ್ಯರ ಆಹಾರದ ರುಚಿ ಹತ್ತಿದ ಕರಡಿಯನ್ನು ತಜ್ಞರು ಆಹಾರಕ್ಕೆ ಒಗ್ಗಿದ ಕರಡಿಯೆಂದೂ, ಮನುಷ್ಯರನ್ನು ಕಂಡರೆ ಓಡದ ಕರಡಿಯನ್ನು ಮನುಷ್ಯರಿಗೆ ಒಗ್ಗಿದ ಕರಡಿಯೆಂದೂ ಬೇರೆಬೇರೆಯಾಗಿ ವರ್ಗೀಕರಿಸುತ್ತಾರೆ. ಕರಡಿಯ ಫೋಟೊಗೆ ಒಗ್ಗಿದ ಮನುಷ್ಯರನ್ನು ವರ್ಗೀಕರಿಸುವ ಕೆಲಸ ಇನ್ನೂ ಬಾಕಿಯಿದೆ. (ಈ ಪತ್ರದ ಪ್ರತಿಯನ್ನು ಓದಿ ನಗಬಹುದಾದ ಕನ್ನಡಿಗರು, 1994ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಹಂಪಿ ಸಮೀಪದ ದರೋಜಿಯಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು, ಅದನ್ನು ನೆಕ್ಕಲು ಬರುವ ಕರಡಿಗಳನ್ನು ವೀಕ್ಷಣಾ ಗೋಪುರದಿಂದ ತೋರಿಸುವ ಪದ್ಧತಿ ಬೆಳೆದುಬಂದದ್ದನ್ನು ನೆನೆದು ನಗುವನ್ನು ಅರ್ಧಕ್ಕೆ ನಿಲ್ಲಿಸಬಹುದು.)

ಈಗ ಶಿಬಿರವಾಸಿಗಳು ಪಾಲಿಸುತ್ತಿರುವ ಕಟ್ಟುಪಾಡುಗಳನ್ನು ಕುಲದ ಗಮನಕ್ಕೆ ತರುವುದು ಅಗತ್ಯ. ಮೇಲೆ ಹೇಳಿದ ಉಕ್ಕಿನ ಪೆಟ್ಟಿಗೆಗೆ ಬೇರ್ ಲಾಕರ್ ಎಂದು ಹೆಸರು. ಹೆಸರು ಕೇಳಿ ಕರಡಿಯನ್ನು ಒಳಗಿಡುವ ಪೆಟ್ಟಿಗೆಯೆಂದು ತಿಳಿಯುವ ಹೊಸಬರಿದ್ದರೂ, ಅದು ಕರಡಿಯಿಂದ ಊಟವನ್ನು ಕಾಪಾಡುವ ತಿಜೋರಿ. ಸುಮಾರು 45 ಅಂಗುಲ ಅಗಲ, 33 ಅಂಗುಲ ಆಳ, 18 ಅಂಗುಲ ಎತ್ತರದ ಈ ತಿಜೋರಿಯಲ್ಲಿ ಆಹಾರವನ್ನಷ್ಟೇ ಅಲ್ಲದೆ ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್ ಮೊದಲಾದ ವಾಸನೆಯುಳ್ಳ ಪ್ರತಿಯೊಂದು ವಸ್ತುವನ್ನೂ ಇಡತಕ್ಕದ್ದೆಂದೂ, ಕತ್ತಲಾದ ಮೇಲೆ ಕಾರಿನಲ್ಲಿ ಏನನ್ನೂ ಬಿಡತಕ್ಕದ್ದಲ್ಲವೆಂದೂ ನಿಯಮವಿದ್ದು, ತಪ್ಪಿದರೆ 5,000 ಡಾಲರಿನವರೆಗೆ ದಂಡ ಬೀಳಬಹುದು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಬರುವ ಕನ್ನಡ ಸಂಸಾರಗಳಿಗೆ ಈ ನಿಯಮ ಒಡ್ಡುವ ಸಂಕಟ ಬೇರೆಯೇ ಬಗೆಯದು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮಾವಿನಮಿಡಿ ಉಪ್ಪಿನಕಾಯಿ, ತುಪ್ಪದ ಡಬ್ಬಿ, ಕೋಡುಬಳೆ, ರವೆ ಉಂಡೆಗಳು ಒಂದರ ಮೇಲೊಂದು ಕುಳಿತು ತಿಜೋರಿ ತುಂಬಿದ ಮೇಲೆ, ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿರುವ ಅಜ್ಜಿಯ ಕೊಬ್ಬರಿ ಎಣ್ಣೆ, ಅಮೃತಾಂಜನ, ಊದುಬತ್ತಿಗಳಿಗೆ ಜಾಗ ಹುಡುಕಬೇಕಾಗುತ್ತದೆ. ಸ್ಟವ್ ಮೇಲಿನ ಬಾಣಲೆಯಲ್ಲಿ ಸಾಸಿವೆ ಸಿಡಿದು, ಇಂಗು ಬಿದ್ದು, ಕರಿಬೇವು ಚಟಗುಟ್ಟಿದ ಕ್ಷಣದಲ್ಲೇ ಅದರ ವಾಸನೆ ಸೀರೆಯ ಸೆರಗಿಗೂ ಸ್ವೆಟರಿಗೂ ಡೇರೆಯ ಬಟ್ಟೆಗೂ ಹತ್ತಿಕೊಳ್ಳುವುದರಿಂದ, ವಾಸನೆಯುಳ್ಳ ಸಮಸ್ತವೂ ಪೆಟ್ಟಿಗೆಗೆ ಎಂಬ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಒಗ್ಗರಣೆ ಹಾಕಿದವರನ್ನೇ ಒಳಗಿಟ್ಟು ಚಿಲಕ ಹಾಕಬೇಕಾದೀತು. ರಾತ್ರಿಯ ಹೊತ್ತು ಉಕ್ಕಿನ ಬಾಗಿಲುಗಳು ಒಂದಾದ ಮೇಲೊಂದು ಧಡಾರೆಂದು ಮುಚ್ಚಿಕೊಳ್ಳುವ ಸದ್ದೇ ಕಣಿವೆಯ ಜೋಗುಳವಾಗಿದೆ.

ಸದ್ದಿನ ವಿಷಯದಲ್ಲಿ ಇನ್ನೊಂದು ನಿವೇದನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೌನದ ಅವಧಿಯೆಂದು ಘೋಷಿಸಲಾಗಿದ್ದು, ಆಗ ಹಾಡು, ಹರಟೆ, ಇಸ್ಪೀಟಿನ ಜಗಳ ಯಾವುದಕ್ಕೂ ಅವಕಾಶವಿಲ್ಲ. ಆದರೆ ಕ್ಯಾಂಪ್‌ಗ್ರೌಂಡಿಗೆ ಕರಡಿ ಬಂದರೆ ತಕ್ಷಣವೇ ಸಾಧ್ಯವಾದಷ್ಟು ಗಟ್ಟಿಯಾಗಿ ಕಿರುಚಿ ಅದನ್ನು ಓಡಿಸಬೇಕೆಂದು ಉದ್ಯಾನದ ಅಧಿಕಾರಿಗಳೇ ಸೂಚಿಸಿರುವುದರಿಂದ, ಮಧ್ಯರಾತ್ರಿಯಲ್ಲಿ ಕಾನೂನುಬದ್ಧವಾಗಿ ಅರಚಲು ಉಳಿದಿರುವ ಏಕೈಕ ನೆಪ ಕರಡಿ ಮಹನೀಯರೇ ಆಗಿದ್ದಾರೆ. ಹಗಲೆಲ್ಲ ಸುಮಾರು 50 ಗಜ ದೂರದಲ್ಲಿ ನಿಂತು ಯಾರನ್ನು ಭಕ್ತಿಯಿಂದ ನೋಡಬೇಕೋ, ರಾತ್ರಿ ಅವರನ್ನೇ ಬೈದು ಅಟ್ಟಬೇಕೆಂಬುದು ಮಕ್ಕಳಿಗೆ ವಿವರಿಸಲು ತುಸು ತ್ರಾಸದಾಯಕ.

ಕುಲದವರು ಪ್ರತಿವಾದಿಸಬಹುದು. ಹತ್ತೊಂಬತ್ತನೆಯ ಶತಮಾನದ ನೆಲಸಿಗರು ಕಣಿವೆಯಲ್ಲಿ ನೆಟ್ಟ ಸೇಬಿನ ತೋಟಗಳಲ್ಲೊಂದರ ಮರಗಳನ್ನು ಉಳಿಸಿಕೊಂಡು, ಅವುಗಳ ಬುಡದಲ್ಲೇ ಕರಿ ವಿಲೇಜ್ ಎಂಬ ವಸತಿ ತಾಣದ ಕಾರು ನಿಲ್ಲಿಸುವ ಬಯಲನ್ನು ಮಾಡಿ, ಚಳಿನಿದ್ದೆಗೆ ಮುನ್ನ ದಿನಕ್ಕೆ 20,000 ಕ್ಯಾಲೊರಿಯವರೆಗೂ ತಿನ್ನಬೇಕಾದ ಪ್ರಾಣಿಗೆ ಹಣ್ಣನ್ನೂ ಕಾರನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದವರು ಯಾರು ಎಂದು ಕೇಳಬಹುದು. ಇದಕ್ಕೆ ಶಿಬಿರವಾಸಿಗಳ ಬಳಿ ತೃಪ್ತಿಕರ ಉತ್ತರವಿಲ್ಲ. ಆ ತೋಟವು ಪರಂಪರೆಯ ಭಾಗ ಎಂಬ ಮಾತನ್ನು ಮಾತ್ರ ಗಂಭೀರವಾಗಿ ಹೇಳಬಹುದು. ಪರಂಪರೆಯ ಲೆಕ್ಕಾಚಾರ ಅಲ್ಲಿ ಮೊದಲಿನಿಂದಲೂ ವಿಚಿತ್ರವೇ. ಕುಲದ ಹಿರಿಯಣ್ಣನಾದ ಗ್ರಿಜ್ಲಿ ಕರಡಿಯನ್ನು ಕ್ಯಾಲಿಫೋರ್ನಿಯಾ ರಾಜ್ಯ 1911ರಲ್ಲಿ ತನ್ನ ಅಧಿಕೃತ ಧ್ವಜದ ಮೇಲೆ ಮೆರೆಸಿತು. 1920ರ ದಶಕ ಮುಗಿಯುವುದರೊಳಗೆ ಆ ರಾಜ್ಯದಲ್ಲಿ ಗ್ರಿಜ್ಲಿ ಉಳಿದದ್ದು ಧ್ವಜದ ಮೇಲೆ ಮಾತ್ರ. ಕಣಿವೆಯಲ್ಲಿ ಬಾಳಿಬದುಕಿದ್ದ ಅಹ್ವಾನೀಚಿ ಜನರನ್ನು 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ಪಡೆ ಅಟ್ಟಿಹಾಕಿ, ಅವರ ಮುಖ್ಯಸ್ಥ ತೆನಾಯನ ಹೆಸರನ್ನು ಒಂದು ಸರೋವರಕ್ಕೆ ಇಟ್ಟಿತು. ಇಲ್ಲಿ ಹೆಸರಾಗುವುದಕ್ಕೂ ಇಲ್ಲವಾಗುವುದಕ್ಕೂ ನಡುವೆ ಬಹಳ ಅಂತರವಿರುವುದಿಲ್ಲ ಎಂಬುದನ್ನು ಬಲ್ಲ ಕರಡಿಗಳು ತಮಗೆ ಸಿಗುತ್ತಿರುವ ಪ್ರಚಾರಕ್ಕೆ ಅಂಜಿದರೆ ಅದನ್ನು ಸಣ್ಣತನವೆನ್ನಲಾಗದು.

ಶಿಕ್ಷೆಯ ತಾರತಮ್ಯವನ್ನೂ ಕುಲದವರು ಎತ್ತದೆ ಇರಲಾರರು. ತಿಜೋರಿಯ ಬಾಗಿಲು ಮರೆತ ಮನುಷ್ಯ ಕಟ್ಟುವುದು ದಂಡ. ಆ ಬಾಗಿಲಿನೊಳಗೆ ಮೂತಿ ತೂರಿಸಿದ ಕರಡಿಗೆ ಕಿವಿಯಲ್ಲಿ ಸಂಖ್ಯೆಯ ಬಿಲ್ಲೆ, ಕೊರಳಲ್ಲಿ ಜಿಪಿಎಸ್ ಪಟ್ಟಿ, ಅದೂ ಫಲಿಸದೆ ಅದು ಮೈಮೇಲೆ ಏರಿಬರತೊಡಗಿದರೆ ಕೊನೆಗೆ ಸಾವು. ರಸ್ತೆಯಲ್ಲಿ ಲೆಕ್ಕಾಚಾರ ಇನ್ನೂ ಸರಳ: ಕರಡಿಗೆ ಕಾರು ಬಡಿದ ಜಾಗಗಳಲ್ಲಿ, ಅತಿವೇಗ ಕರಡಿಗಳನ್ನು ಕೊಲ್ಲುತ್ತದೆ ಎಂಬ ಕೆಂಪು ಕರಡಿಯ ಫಲಕವನ್ನು ನೆಡಲಾಗುತ್ತದೆ, ಹಿಂದಿನಿಂದ ಬಂದ ಕಾರುಗಳು ಅದರ ಫೋಟೊ ತೆಗೆಯಲು ವೇಗ ತಗ್ಗಿಸುತ್ತವೆ.

ಇಷ್ಟಾದರೂ ಒಂದು ವಿಷಯವನ್ನು ಒಪ್ಪಲೇಬೇಕು. 1999ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆಂದೇ ಹಣ ಒದಗಿಸಿ, ತಿಜೋರಿಗಳು ಹೆಚ್ಚಿ, ರಾತ್ರಿ ಪಹರೆ ಬಿಗಿಯಾಗಿ, ಕಾರುಗಳೊಳಗೆ ಟಾರ್ಚು ಹಾಯಿಸಿ ನೋಡುವ ಸಿಬ್ಬಂದಿ ಬಂದ ಮೇಲೆ, ಪ್ರಕರಣಗಳು 1998ಕ್ಕೆ ಹೋಲಿಸಿದರೆ ಶೇಕಡ 90ಕ್ಕಿಂತ ಹೆಚ್ಚು ಇಳಿದಿವೆ. ಕರಡಿಗಳಿಗೆ ಈ ಅವಧಿಯಲ್ಲಿ ಯಾರೂ ನೀತಿಪಾಠ ಹೇಳಲಿಲ್ಲ, ಅವುಗಳ ಮೂಗು ಮೊಂಡಾಗಲಿಲ್ಲ, ಹಸಿವು ಇಂಗಲಿಲ್ಲ. ತರಬೇತಿ ಪಡೆದದ್ದು ಎರಡು ಕಾಲಿನ ಪ್ರಾಣಿ. ಹಾಗಾದರೆ ಈ ಪತ್ರವನ್ನು ಯಾರ ವಿಳಾಸಕ್ಕೆ ಬರೆಯಬೇಕಿತ್ತು ಎಂಬ ಪ್ರಶ್ನೆ ಕರಡನ್ನು ಸಿದ್ಧಪಡಿಸುವಾಗಲೇ ಎದ್ದಿತಾದರೂ, ಶಿಬಿರವಾಸಿಗಳ ವಿಳಾಸಗಳು ಪ್ರತಿ ಎರಡು ರಾತ್ರಿಗೊಮ್ಮೆ ಬದಲಾಗುವುದರಿಂದ, ಕಾಯಂ ವಿಳಾಸವುಳ್ಳ ಕುಲದವರಿಗೇ ಕಳುಹಿಸುವುದು ಸೂಕ್ತವೆಂದು ತೀರ್ಮಾನಿಸಲಾಯಿತು.

ಆದಕಾರಣ ಕುಲದವರು ಕಾಡಿನ ಪ್ರಾಣಿಗಳಾಗಿಯೇ ಉಳಿಯಬೇಕೆಂದೂ, ಆದರೆ ಆ ಕಾಡುತನವನ್ನು ಶನಿವಾರ ಸಂಜೆ ಬೆಳಕಿರುವಾಗ, ಹುಲ್ಲುಗಾವಲಿನ ಅಂಚಿನಲ್ಲಿ, ಮುಖ ಇತ್ತ ಇರುವಂತೆ ಪ್ರಕಟಪಡಿಸಬೇಕೆಂದೂ, ಓಕ್ ಮರದ ಕಾಯಿ, ಇರುವೆ, ಹುಲ್ಲುಗಳಲ್ಲೇ ತೃಪ್ತಿ ಕಾಣಬೇಕೆಂದೂ, ಮಿನಿವ್ಯಾನುಗಳ ಬಗೆಗಿನ ತಮ್ಮ ಪರಿಣತಿಯನ್ನು ಮರಿಗಳಿಗೆ ಧಾರೆಯೆರೆಯದೆ ಇರಬೇಕೆಂದೂ ಕೋರಲಾಗಿದೆ. ಉತ್ತರ ನೀಡುವುದಾದರೆ ಅದನ್ನು ಕಾರುಗಳ ಬಾಗಿಲಿನ ಮೇಲೆ ಬರೆಯಬಾರದಾಗಿ ವಿನಂತಿ.

ಇಂತಿ,
ಸಂಖ್ಯೆ ಹಾಕಿದ ನಿವೇಶನಗಳ ತಾತ್ಕಾಲಿಕ ನಿವಾಸಿಗಳು

ವಿ.ಸೂ.: ಈ ಪತ್ರದ ಮೂಲಪ್ರತಿಯನ್ನು ಊಟದ ಮೇಜಿನ ಮೇಲೆಯೇ ಬರೆದಿರುವುದರಿಂದ ಕಾಗದಕ್ಕೆ ತುಪ್ಪ ತಾಗಿದ್ದು, ನಿಯಮದ ಪ್ರಕಾರ ಅದನ್ನು ತಿಜೋರಿಯಲ್ಲಿಟ್ಟು ಚಿಲಕ ಹಾಕಲಾಗಿದೆ, ಕುಲದವರಿಗೆ ಅದನ್ನು ತಲುಪಿಸುವ ಬಗೆ ಇನ್ನೂ ಪರಿಶೀಲನೆಯಲ್ಲಿದೆ.