ಅಟ್ಟದ ಮೇಲಿನ ಕಾಯಿ, ರೂಮಿನೊಳಗಿನ ಮರುಭೂಮಿ

ನಮ್ಮ ಮನೆಗೂ ಪಕ್ಕದ ದೊಡ್ಡಪ್ಪನ ಮನೆಗೂ ನಡುವೆ ಕಲ್ಲುಕಂಬಕ್ಕೆ ತಂತಿ ಬಿಗಿದ ಬೇಲಿ. ತಂತಿಯುದ್ದಕ್ಕೂ ದಾಸವಾಳ ಹಬ್ಬಿಕೊಂಡು ಒಂದು ಕಡೆ ಮಾತ್ರ ಕಂಡಿ ಉಳಿದಿದೆ. ನಮ್ಮ ಮಾತೆಲ್ಲ ಅಲ್ಲೇ. ಮೊನ್ನೆ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಬಂದಾಗ ದೊಡ್ಡಪ್ಪ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಗಿಟುಕು ಚಿಪ್ಪು ಬಿಟ್ಟು ಗಡಗಡ ಅಂದರೆ ಕೊಬ್ಬರಿ ಆಯಿತು, ಸುಲಿಯೋ ರಾಶಿಗೆ. ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ.

"ರಾತ್ರಿಯೆಲ್ಲ ನಿನ್ನ ರೂಮ್ನಾಗೆ ಫ್ಯಾನ್ ಹೊಯ್ಕೋತಿತ್ತಲ್ಲ ಮಗ, ಎಂಥ ಮಿಷನ್ ಹಾಕಿದೀಯ?"

"ಸರ್ವರ್ ದೊಡ್ಡಪ್ಪ. ನಮ್ಮ ಹುಡುಗ್ರು ಆಡ್ತಾವಲ್ಲ, ಡೈನೋಸಾರ್ ಆಟ. ಇನ್ನೊಂದು ಮ್ಯಾಪ್ ಹಾಕ್ದೆ. ಮಿಷನ್ ತಡೀತಾ ಇಲ್ಲ."

"ಆಡೋರು ಅವರವರ ಮನೇಲಿ ಕೂತು ಆಡ್ತಾರೆ. ನಿನ್ನ ಮಿಷನ್ ಯಾಕೆ ಹೊಯ್ಕೋಬೇಕು?"

ಪ್ರಶ್ನೆ ಸರಿಯಾಗಿತ್ತು. ಮೂರು ವರ್ಷ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ಈಗ ಮನೆಯಿಂದಲೇ ಕೆಲಸ ಮಾಡುವ ನಾನು ಅದಕ್ಕೆ ನೆಟ್ಟಗೆ ಉತ್ತರ ಕೊಡಲು ಒಂದು ಬೆಳಗು ಪೂರ್ತಿ ತೆಗೆದುಕೊಂಡೆ.

ಆಟದ ಹೆಸರು ಆರ್ಕ್. ಸ್ಟುಡಿಯೋ ವೈಲ್ಡ್‌ಕಾರ್ಡ್ ಎಂಬ ಅಮೆರಿಕದ ಕಂಪನಿ 2015ರಲ್ಲಿ ಅರ್ಧಂಬರ್ಧವಾಗಿಯೇ ಬಿಟ್ಟು, 2017ರಲ್ಲಿ ಪೂರ್ತಿ ಮಾಡಿ, 2023ರ ಅಕ್ಟೋಬರ್‌ನಲ್ಲಿ ಹೊಸ ಎಂಜಿನ್ ಮೇಲೆ ಇನ್ನೊಮ್ಮೆ ಕಟ್ಟಿ ಕೊಟ್ಟಿತು. ಬರಿಗೈಲಿ ಒಂದು ದಡಕ್ಕೆ ಬಿದ್ದವನು ಕಲ್ಲು ಹೆಕ್ಕಿ, ಕೊಡಲಿ ಕಟ್ಟಿ, ಮನೆ ಎಬ್ಬಿಸಿ, ಡೈನೋಸಾರ್ ಪಳಗಿಸಿ ಬದುಕಬೇಕು. ಆಡುವವರ ಕಂಪ್ಯೂಟರ್ ಬರೀ ಚಿತ್ರ ಬಿಡಿಸುತ್ತದೆ. ಯಾವ ಪ್ರಾಣಿ ಎಲ್ಲಿದೆ, ಯಾವುದಕ್ಕೆ ಹಸಿವು, ಯಾರ ಗೋಡೆ ನಿಂತಿದೆ, ಯಾರದು ಬಿತ್ತು ಎನ್ನುವ ಲೆಕ್ಕವೆಲ್ಲ ಸರ್ವರ್‌ದು. ನಮ್ಮಲ್ಲಿ ಆಡುವವರು ಒಂಬತ್ತು ಜನ. ಅಕ್ಕನ ಮಕ್ಕಳಿಬ್ಬರು ಬೆಂಗಳೂರು, ಚಿಕ್ಕಪ್ಪನ ಮಗಳು ಮೈಸೂರು, ಒಬ್ಬ ಐರ್ಲೆಂಡು, ಮಿಕ್ಕವರು ಅರಸೀಕೆರೆ, ಹಾಸನ. ಮೊದಲೆಲ್ಲ ಆಷಾಢದ ಜಾತ್ರೆಗೆ ಇವರೆಲ್ಲ ಇಲ್ಲಿ ಸೇರಿ, ಬೆಟ್ಟ ಹತ್ತಿ ವೆಂಕಟರಮಣನ ದರ್ಶನ ಮಾಡಿ, ತೇರಿಗೆ ಬಾಳೆಹಣ್ಣು ಎಸೆದು ಹೋಗುತ್ತಿದ್ದರು. ಈಗ ಶನಿವಾರ ರಾತ್ರಿ ಒಂಬತ್ತಕ್ಕೆ ನನ್ನ ರೂಮಿನ ಪೆಟ್ಟಿಗೆಯೊಳಗೆ ಸೇರುತ್ತಾರೆ. ತಿಂಗಳ ಬಾಡಿಗೆಗೆ ಮುಂಬೈನಲ್ಲಿ ಸರ್ವರ್ ಸಿಗುತ್ತದೆ, ಗೊತ್ತು. ಆದರೂ ಇದು ನಮ್ಮೂರು ಮಾಲೇಕಲ್ಲಲ್ಲೇ ಇರಲಿ ಅಂತ ನನಗೆ ಆಸೆ.

ಮೊದಲು ಹಾಕಿದ್ದು ಐಲ್ಯಾಂಡ್ ಅನ್ನೋ ಮ್ಯಾಪ್ ಒಂದೇ. ನಮ್ಮ ಮಿಷನ್‌ನಲ್ಲಿ ಮೆಮೊರಿ 32 ಜಿಬಿ. ಆ ಮ್ಯಾಪು ಏಳುವಾಗಲೇ ಹತ್ತು ಜಿಬಿ ನುಂಗುತ್ತದೆ, ಆಡುತ್ತಾ ಆಡುತ್ತಾ ಇನ್ನಷ್ಟು. ಆಮೇಲೆ ಸ್ಕಾರ್ಚ್‌ಡ್ ಅರ್ತ್ ಹಾಕಿದೆ, ಮರುಭೂಮಿಯ ಮ್ಯಾಪು. ಅದು ಐಲ್ಯಾಂಡಿನ ಪಕ್ಕಕ್ಕೆ ಅಂಟಿಕೊಳ್ಳುವ ತುಂಡು ಭೂಮಿ ಅಂತ ಹುಡುಗರು ತಿಳಿದಿದ್ದರು. ಹಾಗಲ್ಲ. ಒಂದೊಂದು ಮ್ಯಾಪಿಗೂ ಪೂರ್ತಿ ಒಂದೊಂದು ಸರ್ವರ್ ಬೇರೆಯೇ ಓಡಬೇಕು. ಆಟಗಾರ ಒಂದರಿಂದ ಇನ್ನೊಂದಕ್ಕೆ ಗಂಟುಮೂಟೆ ಸಮೇತ ದಾಟಬಹುದು, ಅಷ್ಟೇ. ಅಲ್ಲಿಗೆ ಮೆಮೊರಿ ಮುಕ್ಕಾಲು ಭಾಗ ತುಂಬಿತು. ಮೊನ್ನೆ ಮೂರನೆಯದು, ರಾಗ್ನರಾಕ್. ಹಿಮದ ಬೆಟ್ಟ, ಕಾಡು, ಮರಳು, ಜ್ವಾಲಾಮುಖಿ ಎಲ್ಲ ಒಂದೇ ಕಡೆ ಇರುವ ಭಾರೀ ದೊಡ್ಡ ಮ್ಯಾಪು. ಮೆಮೊರಿಯಲ್ಲಿ ಜಾಗ ಸಾಲದೆ ಮಿಷನ್ ಡಿಸ್ಕಿಗೆ ಸಾಮಾನು ಹೊರುವುದಕ್ಕೆ ಶುರು ಮಾಡಿತು.

"ಆ ಮೂರನೇ ಮ್ಯಾಪಲ್ಲಿ ರಾತ್ರಿ ಎಷ್ಟು ಜನ ಇದ್ರು?"

"ಯಾರೂ ಇರಲಿಲ್ಲ ದೊಡ್ಡಪ್ಪ."

"ಯಾರೂ ಇಲ್ದಿದ್ರೂ ಭಾರವಾ?"

ಅಲ್ಲಿರುವ ಸಾವಿರಾರು ಕಾಡುಪ್ರಾಣಿಗಳು ಆಟಗಾರ ಹತ್ತಿರ ಇಲ್ಲದಿದ್ದರೆ ನಿದ್ದೆಗೆ ಜಾರುತ್ತವೆ, ನಡೆಯಲ್ಲ, ಬೇಟೆಯಾಡಲ್ಲ, ಆದರೂ ಅವುಗಳ ಜಾಗ ಹಾಗೇ ಹಿಡಿದಿಟ್ಟಿರಬೇಕು ಅಂತ ಹೇಳುತ್ತಿದ್ದೆ. ದೊಡ್ಡಪ್ಪ ಕೈಲಿದ್ದ ಕಾಯಿ ಕೆಳಗಿಟ್ಟು ತಮ್ಮ ಮನೆಯ ಅಟ್ಟದ ಕಡೆ ತಿರುಗಿದರು.

"ಅದಕ್ಕೇನ್ ಬಿಡು, ಗೊತ್ತಾಯ್ತು. ಕಾಯಿ ಅಟ್ಟಕ್ಕೆ ಹಾಕಿದ್ರೆ ಹನ್ನೊಂದು ತಿಂಗಳು ಅಲ್ಲೇ ಕೂತಿರ್ತದೆ. ಅದೇನು ಕೆಲಸ ಮಾಡ್ತದಾ? ಸುಮ್ನೆ ಕೂತಿರ್ತದೆ. ತೊಲೆಗೆ ಭಾರ ಇಲ್ವಾ? ನಿಮ್ಮಪ್ಪನ ತೋಟದ್ದೂ ನಂದೂ ಸೇರ್ಸಿ ಒಂದ್ ವರ್ಷ ಒಂದೇ ಅಟ್ಟಕ್ಕೆ ಹಾಕ್ಬಿಟ್ಟಿದ್ದೆ. ಮಳೆಗಾಲ್ದಾಗೆ ರಾತ್ರಿ 'ಕಟಕ್' ಅಂತು. ಎದ್ದು ನೋಡಿದ್ರೆ ನಡು ತೊಲೆ ಸೀಳು ಬಿಟ್ಟಿತ್ತು."

ನಾನು ಎರಡು ವರ್ಷದಿಂದ ಅಕ್ಕನ ಮಕ್ಕಳಿಗೆ ಹೇಳಲು ಒದ್ದಾಡುತ್ತಿದ್ದ ಮಾತು ಇದು. ಅವರು ಕೇಳುವುದು ಒಂದೇ: "ಮಾಮ, ಆಡೋರು ಒಂಬತ್ತೇ ಜನ, ಯಾಕೆ ಲ್ಯಾಗ್?" ಜನದ ಲೆಕ್ಕ ಆಮೇಲೆ. ಮೊದಲು ಅಟ್ಟದ ಮೇಲೆ ಕೂತಿರುವ ಕಾಯಿ ಲೆಕ್ಕ.

ಹಾಗಂತ ಜನದ ಲೆಕ್ಕ ಇಲ್ಲವೇ ಇಲ್ಲ ಅಂತಲ್ಲ. ಒಂಬತ್ತು ಜನ ಒಂದು ಮೂಲೆಗೆ ಒಬ್ಬೊಬ್ಬರಂತೆ ಚೆದುರಿದರೆ ಒಂಬತ್ತು ಕಡೆಯ ಪ್ರಾಣಿಗಳು ಎದ್ದು ಕೂರುತ್ತವೆ. ಹಾರುವ ಪ್ರಾಣಿ ಹತ್ತಿ ಒಬ್ಬ ಮ್ಯಾಪ್ ಪೂರ್ತಿ ಸುತ್ತಿದರಂತೂ ಅವನು ಹೋದ ದಾರಿಯುದ್ದಕ್ಕೂ ನಿದ್ದೆಯಲ್ಲಿದ್ದದ್ದೆಲ್ಲ ಎದ್ದು, ಮತ್ತೆ ಮಲಗಿ. ಎಲ್ಲರೂ ಗುಂಪಾಗಿ ಒಂದೇ ಕಣಿವೆಗೆ ಬೇಟೆಗೆ ಹೋದ ರಾತ್ರಿಗಳಲ್ಲಿ ನಮ್ಮ ಸರ್ವರ್ ಎಷ್ಟು ಹಗುರಾಗಿ ಓಡುತ್ತದೆ ಎಂದು ನಾನೇ ಕೂತು ನೋಡಿದ್ದೇನೆ.

"ಹಂಗಾದ್ರೆ ದೊಡ್ಡ ಮಿಷನ್ ತಗೋ. ಅದೇನೋ ಎಂಟು ತಲೆ ಇದೆ ಅಂದಿದ್ದೆ?"

ಎಂಟು ಕೋರ್ ಅನ್ನುವುದನ್ನು ದೊಡ್ಡಪ್ಪ ಎಂಟು ತಲೆ ಅನ್ನುತ್ತಾರೆ. ಸರಿಯಾದ ಮಾತೇ. ಆದರೆ ಈ ಆಟದ ಮುಖ್ಯ ಲೆಕ್ಕಾಚಾರ ನಡೆಯುವುದು ಒಂದೇ ತಲೆಯಲ್ಲಿ. ಸೆಕೆಂಡಿಗೆ 30 ಸಲ ಇಡೀ ಲೋಕದ ಲೆಕ್ಕ ಮುಗಿಯಬೇಕು. ಅಂದರೆ ಒಂದು ಸುತ್ತಿಗೆ 33 ಮಿಲಿಸೆಕೆಂಡು. ಒಂದು ಸುತ್ತಿನ ಕೆಲಸ ನೂರು ಮಿಲಿಸೆಕೆಂಡು ಹಿಡಿದರೆ ಸೆಕೆಂಡಿಗೆ ಹತ್ತೇ ಸುತ್ತು. ಆಗ ಆಟಗಾರ ಮುಂದೆ ಇಟ್ಟ ಹೆಜ್ಜೆಯನ್ನು ಯಾರೋ ಹಿಂದಕ್ಕೆ ಎಳೆದು ನಿಲ್ಲಿಸಿದ ಹಾಗಾಗುತ್ತದೆ. ಹುಡುಗರು ಲ್ಯಾಗ್ ಅನ್ನುವುದು ಇದನ್ನೇ. ಮಿಕ್ಕ ತಲೆಗಳು ಚಿಲ್ಲರೆ ಕೆಲಸ ಮಾಡಿಕೊಂಡು ಹೆಚ್ಚೂಕಡಿಮೆ ಖಾಲಿ ಇರುತ್ತವೆ.

ಬೇಲಿಯ ಕಂಡಿಯಲ್ಲಿ ನಿಂತರೆ ಬೆಟ್ಟ ಎದುರಿಗೇ ಕಾಣುತ್ತದೆ. ಮೇಲಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಅದನ್ನೇ ತೋರಿಸಿದೆ. "ಜಾತ್ರೆ ದಿನ ಅರಸೀಕೆರೆಯಿಂದ ಎಷ್ಟು ಬಸ್ ಬಿಟ್ರೂ, ಕೆಳಗೆ ಎಷ್ಟು ಬಯಲಿದ್ರೂ, ಮೇಲೆ ಹೋಗೋಕೆ ಆ ಮೆಟ್ಟಿಲೇ ಅಲ್ವಾ ದೊಡ್ಡಪ್ಪ? ನಡುವೆ ಒಬ್ಬಜ್ಜಿ ಸುಧಾರಿಸ್ಕೊಳ್ಳೋಕೆ ಕೂತ್ರೆ ಹಿಂದಿನ ಸಾಲೆಲ್ಲ ನಿಲ್ಲುತ್ತೆ. ಅದೇ ಇದು."

ದೊಡ್ಡಪ್ಪ ಬಹಳ ಹೊತ್ತು ಮೆಟ್ಟಿಲ ಕಡೆ ನೋಡಿದರು. "ಕಾಯಿ ಅಟ್ಟ ಬೇರೆ, ಮೆಟ್ಲು ಬೇರೆ. ಎರಡ್ರಾಗೆ ನಿಂದು ಯಾವ್ದು ಕಟ್ಕೊಂಡಿರೋದು ಅಂತ ಮೊದ್ಲು ನೋಡು" ಅಂದರು.

ನೋಡಿದೆ. ಎರಡೂ ಕಟ್ಟಿಕೊಂಡಿದ್ದವು. ಮೆಮೊರಿಗೆ ಮೂರನೇ ಮ್ಯಾಪು ಕಾರಣ. ಮೆಟ್ಟಿಲಿಗೆ ಕಾರಣ ಹುಡುಗರು ಐಲ್ಯಾಂಡಿನಲ್ಲಿ ಪಳಗಿಸಿ ಪಳಗಿಸಿ ಅಂಗಳದಲ್ಲಿ ಕಟ್ಟಿಹಾಕಿದ ಪ್ರಾಣಿಗಳು. ಯಾರಿಗೂ ಬೇಡವಾದ ಮುನ್ನೂರ ಚಿಲ್ಲರೆ ಡೋಡೋ ಹಕ್ಕಿ, ಮರಿ ಮೇಲೆ ಮರಿ.

ಇನ್ನು ಮೂರೂ ಮ್ಯಾಪು ಒಟ್ಟಿಗೆ ಓಡುತ್ತಿದ್ದಾಗಿನ ಒಂದು ರಾತ್ರಿಯ ಸಂಗತಿ. ಅದನ್ನು ಹೇಳುವಾಗ ಈಗಲೂ ನನಗೆ ಹೊಟ್ಟೆ ಹಿಂಡುತ್ತದೆ. ಸ್ಕಾರ್ಚ್‌ಡ್ ಅರ್ತ್‌ನಲ್ಲಿ ವೈವರ್ನ್ ಅಂತ ಬೆಂಕಿ ಉಗುಳುವ ಹಾರುವ ಪ್ರಾಣಿ ಇದೆ. ಅದನ್ನು ದೊಡ್ಡದಾದ ಮೇಲೆ ಪಳಗಿಸಲು ಆಗುವುದಿಲ್ಲ. ಪ್ರಪಾತದಂಥ ಒಂದು ಕಂದಕಕ್ಕೆ ಇಳಿದು, ಗೂಡಿನಿಂದ ಮೊಟ್ಟೆ ಕದ್ದು, ಅಟ್ಟಿಸಿಕೊಂಡು ಬರುವ ತಾಯಿಯಿಂದ ತಪ್ಪಿಸಿಕೊಂಡು ತರಬೇಕು. ಚಿಕ್ಕಪ್ಪನ ಮಗಳು ಮೂರು ವಾರ ಪ್ರಯತ್ನ ಮಾಡಿ ಆವತ್ತು ತಂದಿದ್ದಳು. ಮೊಟ್ಟೆಯ ಸುತ್ತ ಬೆಂಕಿ ಒಟ್ಟಿ ಕಾವು ಕೊಟ್ಟು ಮರಿ ಮಾಡಿದ್ದಳು. ಆಟ ಕಾಲು ಗಂಟೆಗೊಮ್ಮೆ ಇಡೀ ಲೋಕವನ್ನು ಡಿಸ್ಕಿಗೆ ಬರೆದಿಡುತ್ತದೆ. ಮೂರು ಮ್ಯಾಪು, ತುಂಬಿದ ಮೆಮೊರಿ, ಏದುಸಿರು ಬಿಡುತ್ತಿರುವ ಡಿಸ್ಕು. ಕ್ಷಣದಲ್ಲಿ ಮುಗಿಯುವ ಬರವಣಿಗೆ ನಿಮಿಷ ದಾಟಿ ಎಳೆಯುತ್ತಿತ್ತು. ಅದರ ನಡುವೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ಎರಡು ಸಲ ಕೂಗಿ ಮಲಗಿತು. ಕರೆಂಟು ಬಂದ ಮೇಲೆ ನೋಡಿದರೆ ಮರುಭೂಮಿಯ ಫೈಲು ಅರ್ಧಕ್ಕೇ ನಿಂತು ಕೆಟ್ಟಿತ್ತು. ನನ್ನ ಹತ್ತಿರ ಇದ್ದದ್ದು ಹಿಂದಿನ ದಿನದ ನಕಲು. ಅದರಲ್ಲಿ ಮರಿಯೂ ಇಲ್ಲ, ಮೊಟ್ಟೆಯೂ ಇಲ್ಲ.

ಅವಳು ಫೋನಿನಲ್ಲಿ ಬೈಯಲಿಲ್ಲ. "ಹೋಗ್ಲಿ ಬಿಡು ಅಣ್ಣ" ಅಂದಳು. ಅವಳು ಬೈದಿದ್ದರೆ ನಾನು ಆ ರಾತ್ರಿ ಮಲಗುತ್ತಿದ್ದೆ.

ರಾಗ್ನರಾಕ್ ತೆಗೆದೆ. ಬೇಕಾದಾಗ ಐಲ್ಯಾಂಡ್ ನಿಲ್ಲಿಸಿ ಅದನ್ನು ಎಬ್ಬಿಸುತ್ತೇನೆ, ಮೂರೂ ಒಟ್ಟಿಗೆ ಇಲ್ಲ. ಡೋಡೋಗಳನ್ನು ಖಾಲಿ ಮಾಡಿಸಿದೆ, ಒಬ್ಬೊಬ್ಬರಿಗೆ ಇಂತಿಷ್ಟೇ ಪ್ರಾಣಿ ಅಂತ ಕಟ್ಟು ಹಾಕಿದೆ. ಬೆಳಗಿನ ಜಾವ ನಾಲ್ಕಕ್ಕೆ ಸರ್ವರ್ ತಾನೇ ನಿಂತು ಏಳುತ್ತದೆ. ಗಂಟೆಗೊಮ್ಮೆ ನಕಲು ಬೇರೆ ಡಿಸ್ಕಿಗೆ. ಯುಪಿಎಸ್‌ಗೆ ಹೊಸ ಬ್ಯಾಟರಿ.

ಇದೆಲ್ಲ ಮತ್ತೆ ಅದೇ ಕಂಡಿಯಲ್ಲಿ ನಿಂತು ಹೇಳಿ ಮುಗಿಸಿದಾಗ ದೊಡ್ಡಪ್ಪ ಕೇಳಿದ್ದು ಬೇರೆಯೇ. "ಆ ಮರುಭೂಮೀಲಿ ನೀರಿಗೆ ಏನ್ ಮಾಡ್ತಾರೆ?"

ಅಲ್ಲಿ ನೀರೇ ಕಷ್ಟ. ಬಿಸಿಲು ಏರಿದರೆ ನೆರಳಿಗೆ ಓಡಬೇಕು, ಧೂಳುಗಾಳಿ ಎದ್ದರೆ ಬಾಗಿಲು ಹಾಕಿಕೊಳ್ಳಬೇಕು. ಗಾಳಿ ಏಳುವ ಮೊದಲೇ ಎಚ್ಚರಿಸುವ ಜರ್ಬೋವಾ ಅನ್ನುವ ಇಲಿಯಂಥ ಪ್ರಾಣಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಾರೆ. ನೆಲದಲ್ಲಿ ಅಲ್ಲಲ್ಲಿ ನೀರಿನ ಸೆಲೆ ಇರುತ್ತದೆ, ಅದರ ಮೇಲೆಯೇ ಬಾವಿ ಕಟ್ಟಬೇಕು, ಬೇರೆ ಕಡೆ ಕಟ್ಟಲು ಬರುವುದಿಲ್ಲ.

"ಸೆಲೆ ಕಣ್ಣಿಗೆ ಕಾಣ್ತದಾ?"

"ಕಾಣುತ್ತೆ."

ದೊಡ್ಡಪ್ಪ ಮಾತಾಡಲಿಲ್ಲ. 2016–17ರ ಬರದಲ್ಲಿ ನಮ್ಮ ತಾಲ್ಲೂಕಿನಲ್ಲಿ ಸುಳಿ ಒಣಗಿ ನಿಂತ ತೆಂಗಿನ ಮರಗಳು ಅವರ ತೋಟದಲ್ಲೂ ಇದ್ದವು. ಮೂರು ಬೋರು ಹಾಕಿಸಿ ಮೂರರಲ್ಲೂ ಬರೀ ಧೂಳು ನೋಡಿದವರು ಅವರು. ಕಾಯಿ ಎತ್ತಿ ಕಿವಿಗೆ ಹಿಡಿದರು, ಅಲ್ಲಾಡಿಸಿದರು, ಅಟ್ಟದ ಬುಟ್ಟಿಗೆ ಹಾಕಿದರು. "ಶನಿವಾರ ಬರ್ತೀನಿ. ಅದನ್ನ ತೋರ್ಸು" ಅಂದರು.

ಶನಿವಾರ ಟವಲ್ ಹೆಗಲಿಗೆ ಹಾಕಿಕೊಂಡು ಬಂದು ನನ್ನ ಪಕ್ಕ ಕುರ್ಚಿ ಎಳೆದು ಕೂತರು. ಎಂಟು ಜನ ಕಂದಕದ ಮೇಲೆ ಕಾವಲು ನಿಂತರು, ಚಿಕ್ಕಪ್ಪನ ಮಗಳು ಇಳಿದಳು. ನಡುವೆ ಐರ್ಲೆಂಡಿನವನು ಉಪ್ಪು ತರುತ್ತೇನೆಂದು ಬೇರೆ ದಿಕ್ಕಿಗೆ ಹಾರಿದ. ದೊಡ್ಡಪ್ಪ ಮೈಕಿನ ಹತ್ತಿರ ಬಾಗಿ, "ಲೋ, ಎಲ್ರೂ ಒಂದೇ ಕಡೆ ಇರ್ರೋ, ಮಿಷನ್‌ಗೆ ಭಾರ ಆಗ್ತದೆ" ಅಂದರು. ಅವನು ವಾಪಸ್ ಬಂದ.

ಹನ್ನೊಂದೂವರೆಗೆ ಮೊಟ್ಟೆ ಒಡೆಯಿತು. ಒದ್ದೆ ರೆಕ್ಕೆಯ ಮರಿ ಬೆಂಕಿಯ ನಡುವೆ ತಲೆ ಎತ್ತಿತು. ನಾನು ಮೊದಲು ಮಾಡಿದ ಕೆಲಸ ಕೈಯಾರೆ ಸೇವ್ ಮಾಡಿದ್ದು. ಎರಡು ಸೆಕೆಂಡು ಹಿಡಿಯಿತು.

"ಏನ್ ತಿಂತದೆ ಅದು?"

"ಹಾಲು ದೊಡ್ಡಪ್ಪ. ಇನ್ನೊಂದು ಹೆಣ್ಣು ವೈವರ್ನ್‌ಗೆ ಪ್ರಜ್ಞೆ ತಪ್ಪಿಸಿ ಹಾಲು ತರಬೇಕು."

"ಮತ್ತೆ ಮಾತಾಡ್ತಾ ಕೂತಿದ್ದೀರಲ್ಲ" ಅಂದರು ದೊಡ್ಡಪ್ಪ, "ಹೋಗ್ರೋ ಬೇಗ, ಮರಿ ಹಸ್ಕೊಂಡಿದೆ."